ಪದಚರ್ಚೆ: ‘ಪ್ಯಾರಿಷ್ ಚರ್ಚ್’ಗೆ ‘ಒಕ್ಕಲ ಚರ್ಚು’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಜರ್ಮನಿಯ ವಿಟೆನ್‌ಬರ್ಗ್ ಊರಿನ ಸಂತ ಮರಿಯಳ ಚರ್ಚಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಟ್ಟಡದ ಕಥೆ ಸಲೀಸಾಗಿ ಬರುತ್ತಿದೆ, ಪದಗಳೇ ಕೈಕೊಡುತ್ತಿವೆ. ನಿಮ್ಮ ಸಹಾಯ ಬೇಕು.

ಆ ಊರಿನಲ್ಲಿ ಹೆಸರಾದ ಚರ್ಚುಗಳು ಎರಡು. ಒಂದು ಅರಮನೆಯ ಚರ್ಚು. ಕ್ಯಾಥೊಲಿಕ್ ಚರ್ಚಿನ ಸುಧಾರಣೆಗೆ ಹೊರಟ ಮಾರ್ಟಿನ್ ಲೂಥರ್ 1517ರಲ್ಲಿ ತನ್ನ 95 ವಾದಗಳನ್ನು ಬಾಗಿಲಿಗೆ ಮೊಳೆ ಹೊಡೆದು ಹಾಕಿದ ಅನ್ನುವ ಕಥೆ ಇದರದ್ದು. ಇದು ದೊರೆಗೆ, ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಾನು ಬರೆಯುತ್ತಿರುವುದು ಇನ್ನೊಂದರ ಬಗ್ಗೆ, ಊರ ಜನರ ಚರ್ಚಿನ ಬಗ್ಗೆ. ಲೂಥರ್ ವರ್ಷಗಟ್ಟಲೆ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಿದ್ದು ಅಲ್ಲಿ. ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದವನು 1522ರ ಮಾರ್ಚ್‌ನಲ್ಲಿ ವಾಪಸ್ ಬಂದು, ಎಂಟು ದಿನ ಬಿಡದೆ ಮಾತಾಡಿ, ಗಲಭೆ ಎದ್ದಿದ್ದ ಊರನ್ನು ತಣ್ಣಗಾಗಿಸಿದ್ದೂ ಅಲ್ಲೇ. ಕನ್ನಡದಲ್ಲಿ ಎರಡಕ್ಕೂ ಸುಮ್ನೆ ‘ವಿಟೆನ್‌ಬರ್ಗ್ ಚರ್ಚ್’ ಅಂತ ಬರೆದರೆ ಓದುವವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಜರ್ಮನ್ನರು ಇದನ್ನು ‘ಶ್ಟಾಟ್‌ಕಿರ್ಖೆ’ ಅನ್ನುತ್ತಾರೆ. ಅದಕ್ಕೆ ‘ಊರ ಚರ್ಚು’ ಸರಿಹೋಗುತ್ತದೆ. ತೊಡಕಿರುವುದು ‘ಪ್ಯಾರಿಷ್’ ಅನ್ನುವ ಪದದಲ್ಲಿ. ಒಂದು ಚರ್ಚಿಗೆ ಸೇರಿದ ಮನೆಗಳೆಲ್ಲ ಸೇರಿ ಪ್ಯಾರಿಷ್. ಆ ಮನೆಗಳ ಮಗುವಿನ ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವೂ ಆ ಚರ್ಚಿನಲ್ಲೇ. ನಮ್ಮ ಕ್ಯಾಥೊಲಿಕರು ‘ಧರ್ಮಕೇಂದ್ರ’ ಅನ್ನುತ್ತಾರೆ. ಒಳ್ಳೆಯ ಪದವೇ. ಆದರೆ ಅದರಲ್ಲಿ ಕೇಂದ್ರ ಕಾಣುತ್ತದೆ, ಮನೆಗಳು ಕಾಣುವುದಿಲ್ಲ. ಪ್ರೊಟೆಸ್ಟೆಂಟರ ಮಾತಿನಲ್ಲಿ ‘ಸಭೆ’ ಇದೆ, ‘ಸಭಾಪಾಲಕ’ರಿದ್ದಾರೆ. ಈ ‘ಸಭೆ’ ನನಗೆ ತುಂಬ ಇಷ್ಟ. ಲೂಥರ್ ಬೈಬಲ್ಲನ್ನು ಜರ್ಮನ್‌ಗೆ ತಂದಾಗ ಗ್ರೀಕಿನ ‘ಎಕ್ಲೇಸಿಯಾ’ಕ್ಕೆ ಚರ್ಚು ಅನ್ನುವ ಪದ ಇಡದೆ ‘ಗೆಮೈನೆ’ ಅಂತ ಇಟ್ಟ. ಅಂದರೆ ಕೂಡಿದ ಜನ, ಸಭೆ. ನಮ್ಮ ಕರಾವಳಿಯ ‘ಇಗರ್ಜಿ’ ಪೋರ್ಚುಗೀಸಿನಿಂದ ಬಂದದ್ದಾದರೂ ಅದರ ಬೇರೂ ಇದೇ ಎಕ್ಲೇಸಿಯಾ. ಆದರೆ ಸಭೆ ಅಂದರೆ ಜನ. ‘ಸಭೆಯ ಗೋಡೆ’, ‘ಸಭೆಯ ಕಿಟಕಿ’ ಅಂತ ಬರೆಯಲಾಗುವುದಿಲ್ಲ, ಅಲ್ವಾ?

ಪ್ಯಾರಿಷ್‌ನ ಬೇರು ಹುಡುಕಿದರೆ ಗ್ರೀಕಿನ ‘ಪರೊಯ್ಕಿಯಾ’ ಸಿಗುತ್ತದೆ. ಅದರೊಳಗಿರುವ ‘ಒಯ್ಕೊಸ್’ ಅಂದರೆ ಮನೆ. ಅದನ್ನು ಓದಿದ ಕೂಡಲೇ ನನಗೆ ಹೊಳೆದದ್ದು ‘ಒಕ್ಕಲು’. ಸದ್ದಿನ ಹೋಲಿಕೆ ಬರೀ ಆಕಸ್ಮಿಕ, ನಂಟು ಕಟ್ಟಲು ಹೋಗುತ್ತಿಲ್ಲ. ಆದರೆ ‘ನಾವು ಆ ಮಠದ ಒಕ್ಕಲು’, ‘ಆ ದೇವರಿಗೆ ಇಷ್ಟು ಮನೆ ಒಕ್ಕಲು’ ಅನ್ನುತ್ತೇವಲ್ಲ, ಆ ಅರ್ಥ ಪ್ಯಾರಿಷ್‌ಗೆ ಅಚ್ಚುಕಟ್ಟಾಗಿ ಹೊಂದುತ್ತದೆ.

ಇನ್ನು ಕಟ್ಟಡದ ಒಳಗೆ. ಪೂರ್ವದ ತುದಿಯ ಭಾಗ 1280ರ ಸುಮಾರಿನದು, ಅದೇ ಹಳೆಯದು. ಜನ ಕೂರುವ ಮೂರು ಸಾಲಿನ ಭಾಗವನ್ನು 1412ರಿಂದ 1439ರ ನಡುವೆ ಕಟ್ಟಿದರು. ಪೂರ್ವದ ಭಾಗಕ್ಕೆ ‘ಗರ್ಭಗುಡಿ’ ಅಂತ ಬರೆದವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಗರ್ಭಗುಡಿಗೆ ಎಲ್ಲರೂ ಕಾಲಿಡುವಂತಿಲ್ಲ. ಇಲ್ಲಿ ಸುಧಾರಣೆಯ ಜೀವಾಳವೇ ಆ ಗೆರೆ ಅಳಿಸುವುದಾಗಿತ್ತು. ಈ ಭಾಗಕ್ಕೆ ಇಂಗ್ಲಿಷಿನಲ್ಲಿರುವ ‘ಚಾನ್ಸೆಲ್’ ಹುಟ್ಟಿದ್ದು ಜಾಲರಿಯ ತಡೆ ಅನ್ನುವ ಲ್ಯಾಟಿನ್ ಪದದಿಂದ, ನಮ್ಮ ಜಾಲಂದ್ರದ ಹಾಗೆ. ಅದೂ ಬೇಡ. ‘ಮೂಡಣ ಭಾಗ’ ಅಂದರೆ ಸಾಕು ಅನ್ನಿಸುತ್ತದೆ.

ನಡುವಿನ ಭಾಗಕ್ಕೆ ಇಂಗ್ಲಿಷಿನಲ್ಲಿ ‘ನೇವ್’. ಲ್ಯಾಟಿನ್ನಿನ ‘ನಾವಿಸ್’, ಹಡಗು. ಜರ್ಮನ್‌ನಲ್ಲೂ ಅದನ್ನು ‘ಶಿಫ್’, ಹಡಗು ಅಂತಲೇ ಕರೆಯುತ್ತಾರೆ. ಸಂಸ್ಕೃತದಿಂದ ನಮಗೆ ಬಂದ ‘ನಾವೆ’ ಅದೇ ಲ್ಯಾಟಿನ್ ಪದದ ದಾಯಾದಿ. ಆಸೆಯಾಗುತ್ತದೆ, ಆದರೆ ಕನ್ನಡದಲ್ಲಿ ನಾವೆ ಅಂದರೆ ನೀರೇ ಬೇಕು. ‘ನಡುಹಜಾರ’ ಅಂತ ಇಟ್ಟಿದ್ದೇನೆ. ಎರಡು ಪಕ್ಕದ ಸಾಲುಗಳಿಗೆ ‘ಕೈಸಾಲೆ’ ಹೇಗೆ? ಕಂಬದಿಂದ ಕಂಬಕ್ಕಿರುವ ಜಾಗಕ್ಕೆ ‘ಅಂಕಣ’ ಇದ್ದೇ ಇದೆ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ‘ಆಲ್ಟರ್’, ಅಂದರೆ ಚರ್ಚಿನಲ್ಲಿ ಪೂಜೆ ನಡೆಯುವ ಪೀಠ. ಕ್ಯಾಥೊಲಿಕರ ‘ಬಲಿಪೀಠ’ ಅವರ ‘ಬಲಿಪೂಜೆ’ಗೆ (ಇಂಗ್ಲಿಷಿನ ‘ಮಾಸ್’) ತಕ್ಕದ್ದು. ಲೂಥರ್ ಒಪ್ಪದೇ ಇದ್ದದ್ದು ಆ ಬಲಿಯ ಅರ್ಥವನ್ನೇ. ಬೈಬಲ್ಲಿನ ‘ಯಜ್ಞವೇದಿ’ಗೂ ಅದೇ ತೊಂದರೆ. ಉತ್ತರ ಆ ಚರ್ಚಿನೊಳಗೇ ಇದೆ. ಲೂಕಾಸ್ ಕ್ರಾನಾಖ್ ಮತ್ತು ಅವನ ಮಗ ಬರೆದ ಚಿತ್ರಫಲಕವನ್ನು 1547ರಲ್ಲಿ ಅಲ್ಲಿಟ್ಟರು. ನಡುವಿನ ಚಿತ್ರದಲ್ಲಿ ಯೇಸು, ಶಿಷ್ಯರು ಕೂತಿರುವುದು ಒಂದು ದುಂಡು ಮೇಜಿನ ಸುತ್ತ. ಶಿಷ್ಯರ ಸಾಲಿನಲ್ಲಿ ಗಡ್ಡ ಬಿಟ್ಟ ಲೂಥರ್ ಇದ್ದಾನೆ. ಅವನಿಗೂ ಹಿಂದೆ ನಿಂತವನೊಬ್ಬನಿಗೂ ನಡುವೆ ದ್ರಾಕ್ಷಾರಸದ ಬಟ್ಟಲು ಕೈ ಬದಲಾಗುತ್ತಿದೆ. ಬಟ್ಟಲು ಪಾದ್ರಿಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಅನ್ನುವುದನ್ನು ಚಿತ್ರವೇ ಹೇಳುತ್ತದೆ. ಯೇಸುವಿನ ಕಡೆಯ ಊಟವನ್ನು ನೆನೆಯುವ ಆಚರಣೆಗೆ ‘ಕರ್ತನ ಭೋಜನ’ ಅನ್ನುವ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಹಾಗಾಗಿ ‘ಕರ್ತನ ಮೇಜು’ ಅಂತ ಬರೆಯೋಣ ಅಂತಿದ್ದೇನೆ.

ಅದರ ಕೆಳಗಿನ ಉದ್ದದ ಪಟ್ಟಿಯಲ್ಲಿ ಲೂಥರ್ ಒಂದು ಕೈ ತೆರೆದ ಪುಸ್ತಕದ ಮೇಲಿಟ್ಟು, ಇನ್ನೊಂದು ಕೈಯಿಂದ ಶಿಲುಬೆ ತೋರಿಸುತ್ತಿದ್ದಾನೆ. ಆಚೆ ಬದಿಯಲ್ಲಿ ಊರ ಹೆಂಗಸರು, ಗಂಡಸರು, ಮಕ್ಕಳು. ನಡುವೆ ಶಿಲುಬೆ ಬಿಟ್ಟರೆ ಖಾಲಿ ನೆಲ. ಅವನು ನಿಂತ ಜಾಗಕ್ಕೆ ‘ಪ್ರಸಂಗಪೀಠ’ ಅಂತಲೇ ಬರೆಯುತ್ತೇನೆ. ‘ಪ್ರಸಂಗ’ಕ್ಕೆ ಮಾತು ಅನ್ನುವ ಅರ್ಥ ‘ಅಧಿಕಪ್ರಸಂಗ’ದಲ್ಲಿ ಇನ್ನೂ ಉಳಿದಿದೆ, ‘ಪರ್ವತ ಪ್ರಸಂಗ’ವೂ ಎಲ್ಲರಿಗೂ ಗೊತ್ತು.

ದೀಕ್ಷಾಸ್ನಾನದ ಪಾತ್ರೆ 1457ರದು, ಹರ್ಮನ್ ಫಿಷರ್ ಎರಕ ಹೊಯ್ದದ್ದು. ‘ತೊಟ್ಟಿ’ ಅಂದರೆ ಕಲ್ಲಿನದು ಅನ್ನಿಸುತ್ತದೆ. ಲೋಹದ್ದಕ್ಕೆ ‘ಕೊಪ್ಪರಿಗೆ’ ಸರಿ, ಆದರೆ ಅಡುಗೆಮನೆ ನೆನಪಾದೀತು.

ಈಗ ಕೇಳಬೇಕಾದ್ದು ಇಷ್ಟು. ನಿಮ್ಮ ಕಡೆ ‘ಒಕ್ಕಲು’ ಅಂದ ತಕ್ಷಣ ಮೊದಲು ಮನಸ್ಸಿಗೆ ಬರುವುದು ಗೇಣಿಯಾ, ದೇವರ ಮನೆತನಗಳಾ? ಗೇಣಿಯ ಅರ್ಥವೇ ಮುಂದೆ ಬರುವುದಾದರೆ ಲೇಖನದಲ್ಲಿ ‘ಊರ ಚರ್ಚು’ ಒಂದನ್ನೇ ಉಳಿಸಿಕೊಳ್ಳುತ್ತೇನೆ.