ಅಕ್ಟೋಬರ್‌ನಲ್ಲಿ ಲಾಂಗೆ ಗುಡ್ಡಗಳು: ವೈನ್, ಚೀಸ್ ಮತ್ತು ಮಾಂಸ ಮುಟ್ಟದ ಅತ್ತೆ

ಪ್ರಶ್ನೆ (ಬೆಂಗಳೂರಿನಿಂದ): ಅಕ್ಟೋಬರ್‌ನಲ್ಲಿ ನಾನು, ನಮ್ಮವರು, ಅತ್ತೆ ಮೂವರೂ ಇಟಲಿಗೆ ಹೊರಟಿದ್ದೇವೆ. ಟೊರಿನೊದಲ್ಲಿ ಮೈದುನ ಓದುತ್ತಿದ್ದಾನೆ. ಅಲ್ಲಿಂದ ಪಿಯೆಮೊಂಟೆಯ ಲಾಂಗೆ ಗುಡ್ಡಗಳಿಗೆ ಹೋಗಿ ಎರಡು ಮೂರು ದಿನ ಇರುವ ಆಸೆ. ನಮ್ಮವರಿಗೆ ಬರೋಲೊ ವೈನ್ ಹುಚ್ಚು, ನನಗೆ ಚೀಸ್. ಅತ್ತೆ ಮೊಟ್ಟೆ ತಿನ್ನುತ್ತಾರೆ, ಮಾಂಸ ಮೀನು ಮುಟ್ಟುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಟೊರಿನೊದಲ್ಲಿರುವ ಶಿವಮೊಗ್ಗದವರು: ಆಲ್ಬಾ ಊರಿನ ತನಕ ರೈಲಿದೆ. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಬಸ್ಸು ಕಡಿಮೆ, ಭಾನುವಾರ ನೆಚ್ಚಿಕೊಳ್ಳಲೇಬೇಡಿ. ಕಾರು ತೆಗೆದುಕೊಂಡರೆ ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಓಡಿಸುವವರು ವೈನ್ ರುಚಿ ನೋಡಿ ಉಗುಳಬೇಕಾಗುತ್ತದೆ. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಉಳಿಯಲು ಆಗ್ರಿತುರಿಸ್ಮೊ ನೋಡಿ. ರೈತರ ಮನೆಯಲ್ಲೇ ಕೋಣೆ, ಅವರೇ ಬೆಳೆದದ್ದರ ಊಟ.

ಅಕ್ಟೋಬರ್ ಅಂದರೆ ಬರೋಲೊ ಮಾಡುವ ನೆಬ್ಬಿಯೊಲೊ ದ್ರಾಕ್ಷಿಯ ಕೊಯ್ಲು. ಚಿಕ್ಕ ವೈನ್ ಮನೆಗಳಲ್ಲಿ ಮಾತಾಡಲಿಕ್ಕೂ ಪುರುಸೊತ್ತಿರುವುದಿಲ್ಲ. ಹೋಗುವ ಮುಂಚೆ ಮೇಲ್ ಹಾಕಿ ಸಮಯ ಗೊತ್ತು ಮಾಡಿಕೊಳ್ಳಿ. ದಿನಕ್ಕೆ ಎರಡು ಕಡೆ ಸಾಕು, ಮೂರನೆಯದಕ್ಕೆ ನಾಲಿಗೆ ಸತ್ತಿರುತ್ತದೆ.

ಮೈಸೂರಿನವರು: ಅತ್ತೆಯವರ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲೂ ಅದೇ ಕಥೆ. ಮೊಟ್ಟೆ ತಿನ್ನುತ್ತಾರಲ್ಲ, ಅರ್ಧ ಕಷ್ಟ ಕಳೆಯಿತು. ತಾಯರಿನ್ ಅಂತ ಎಳೆ ಎಳೆ ಪಾಸ್ತಾ ಇದೆ. ಬರೀ ಮೊಟ್ಟೆಯ ಹಳದಿ ಹಾಕಿ ಕಲಸಿದ ಹಿಟ್ಟು, ಒಂದು ಕಿಲೋಗೆ 30 ಹಳದಿ ಹಾಕುವವರೂ ಇದ್ದಾರೆ. ಬೆಣ್ಣೆ, ಸೇಜ್ ಎಲೆ ಹಾಕಿ ಕೊಡಿ ಅಂತ ಕೇಳಿ. ಸುಮ್ನೆ 'ತಾಯರಿನ್' ಅಂದರೆ ಮಾಂಸದ ಸಾಸ್ ಹಾಕಿ ತಂದುಬಿಡಬಹುದು. ಪ್ಲಿನ್ ಅನ್ನುವ ಪುಟ್ಟ ಕಡುಬಿನಲ್ಲಿ ಸಾಮಾನ್ಯವಾಗಿ ಮಾಂಸದ ಹೂರಣ, ಅದು ಬೇಡ.

ನಿಜವಾಗಿ ಮೋಸ ಹೋಗುವುದು ಬಾನ್ಯಾ ಕಾವ್ಡಾದಲ್ಲಿ. ಬಿಸಿ ಸಾಸ್, ಸುತ್ತ ಹಸಿ ತರಕಾರಿ, ಬೆಳ್ಳುಳ್ಳಿ ಘಮ. ನಮ್ಮವರಿಗೇ ಮಾಡಿದ್ದು ಅನಿಸುತ್ತದೆ. ಆದರೆ ಅದರಲ್ಲಿ ಆಂಚೊವಿ ಮೀನು ಕರಗಿ ಹೋಗಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಸಮುದ್ರವೇ ಇಲ್ಲದ ಗುಡ್ಡಕ್ಕೆ ಮೀನು ಎಲ್ಲಿಂದ ಅಂದರೆ, ಹಿಂದೆ ಲಿಗುರಿಯಾ ಕರಾವಳಿಯಿಂದ ಉಪ್ಪು ಬರುತ್ತಿದ್ದ ದಾರಿಯಲ್ಲೇ ಉಪ್ಪು ಹಾಕಿದ ಆಂಚೊವಿಯೂ ಬಂತಂತೆ. ರಿಸೊಟ್ಟೊ ಅನ್ನುವ ಮೆತ್ತನೆಯ ಅನ್ನದ ಅಡುಗೆಗೆ ಮಾಂಸದ ಸಾರು ಹಾಕಿದ್ದಾರಾ ಅಂತಲೂ ಕೇಳಿ. ಪನ್ನಾ ಕೊಟ್ಟಾ ಅನ್ನುವ ಕೆನೆಯ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಅದರ ಬದಲು ಹೇಝಲ್‌ನಟ್ ಕೇಕ್ ತಿನ್ನಲಿ. ಅಲ್ಲಿನ ಹೇಝಲ್‌ನಟ್‌ಗೆ ಒಳ್ಳೆಯ ಹೆಸರಿದೆ, ಚಾಕೊಲೇಟ್ ಮಾಡುವ ಫೆರೆರೊ ಕಂಪನಿ 1946ರಲ್ಲಿ ಶುರುವಾದದ್ದೂ ಆಲ್ಬಾದಲ್ಲೇ.

ಚೀಸ್‌ಗೆ ರೊಬಿಯೊಲಾ ದಿ ರೊಕ್ಕವೆರಾನೊ ಬಿಡಬೇಡಿ. ಕಾಯಿಸದ ಮೇಕೆ ಹಾಲಿನದು. ಹಸು, ಕುರಿ ಹಾಲು ಸೇರಿಸಬಹುದು, ಆದರೆ ಅರ್ಧಕ್ಕಿಂತ ಜಾಸ್ತಿ ಇಲ್ಲ. ಹೊಸದು ಮೆತ್ತಗೆ, ಸ್ವಲ್ಪ ಹುಳಿ. ಇಟ್ಟಷ್ಟೂ ಖಾರ ಏರುತ್ತದೆ. ಒಂದೇ ಕಡೆ ಎರಡನ್ನೂ ಕೇಳಿ ತಿನ್ನಿ. ಅತ್ತೆಯವರು ತುಂಬಾ ಕಟ್ಟುನಿಟ್ಟಾದರೆ ಒಂದು ಮಾತು: ಇಂಥ ಹಳೇ ಪದ್ಧತಿಯ ಚೀಸ್‌ಗಳಲ್ಲಿ ಹಾಲು ಒಡೆಸಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಹೇಳುವುದು ಬಿಡುವುದು ನಿಮ್ಮ ಮನೆ ವಿಚಾರ!

ಹುಬ್ಬಳ್ಳಿಯವರು: ನಿಮ್ಮ ಯಜಮಾನರಿಗೆ ಹೇಳಿ, ಬರೋಲೊ ಒಂದರ ಹಿಂದೆಯೇ ಓಡಬೇಡಿ. ಅದನ್ನು ಮಾರುವ ಮುಂಚೆ ಕಡಿಮೆ ಅಂದರೂ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟಾದರೂ ಎಳೆಯದು ಎಳೆಯದೇ, ಚೊಗರು ಅಡಿಕೆ ಜಗಿದ ಹಾಗೆ ಬಾಯೆಲ್ಲ ಒಗರು. ಖಾಲಿ ಹೊಟ್ಟೆಯಲ್ಲಿ ಬೇಡ, ಚೀಸ್ ಜೊತೆ ಕುಡಿಯಿರಿ. ಅಲ್ಲಿನವರ ದಿನದ ಊಟಕ್ಕೆ ಡೊಲ್ಚೆಟ್ಟೊ, ಬಾರ್ಬೆರಾ ಅನ್ನುವ ಕೆಂಪು ವೈನ್‌ಗಳು. ಬೆಲೆ ಎಷ್ಟೋ ಕಡಿಮೆ, ನನಗೆ ಅದೇ ಜಾಸ್ತಿ ಇಷ್ಟ. ವೈನ್ ಅಭ್ಯಾಸ ಇಲ್ಲದವರಿಗೆ ಮೊಸ್ಕಾತೊ ದಾಸ್ತಿ. ಸಿಹಿ, ಆಲ್ಕೋಹಾಲ್ ಸುಮಾರು 5 ಶೇಕಡಾ ಅಷ್ಟೇ.

ಬಿಳಿ ಟ್ರಫಲ್ ಬಗ್ಗೆ, ಅಂದರೆ ನೆಲದೊಳಗೆ ಬೆಳೆಯುವ ಘಮಘಮ ಅಣಬೆಯ ಬಗ್ಗೆ, ಯಾರೂ ಹೇಳಲಿಲ್ಲ. ಆಲ್ಬಾದ ಜಾತ್ರೆ ಅದೇ ಸಮಯಕ್ಕೆ. ನೋಡಲು ಚೆನ್ನ, ಆದರೆ ಗ್ರಾಂ ಲೆಕ್ಕದಲ್ಲಿ ದುಡ್ಡು. ನನ್ನ ಕೇಳಿದರೆ ಬೇಡ.

ಮೈಸೂರಿನವರು: ಇದನ್ನು ಒಪ್ಪುವುದಿಲ್ಲ. ಅಷ್ಟು ದೂರ ಹೋಗಿ ವಾಸನೆಯನ್ನೂ ನೋಡದೆ ಬರುವುದಾ? ಮೂವರಿಗೂ ಬೇಡ, ಒಂದು ತಟ್ಟೆಗೆ ತುರಿದು ಹಾಕಿಸಿಕೊಳ್ಳಿ. ಕರಿದ ಮೊಟ್ಟೆಯ ಮೇಲೂ ಹಾಕುತ್ತಾರೆ, ಅತ್ತೆಗೂ ಆಗುತ್ತದೆ. ತುರಿಯುವ ಮುಂಚೆಯೇ ಬೆಲೆ ಕೇಳಿ. ಟ್ರಫಲ್ ಎಣ್ಣೆ ಬಾಟಲಿ ಮಾತ್ರ ಕೊಳ್ಳಬೇಡಿ, ಹೆಚ್ಚಿನವಕ್ಕೆ ಕೃತಕ ಪರಿಮಳ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವರು ಒಂದು ಪೆಟ್ಟಿಗೆ ವೈನ್ ತರುತ್ತೇನೆ ಅನ್ನುತ್ತಿದ್ದಾರೆ, ಆಗುತ್ತದಾ?

ಶಿವಮೊಗ್ಗದವರು: ಸುಂಕ ಇಲ್ಲದೆ ಒಬ್ಬರಿಗೆ 2 ಲೀಟರ್. ಅಂದರೆ ತಲೆಗೆ ಎರಡು ಬಾಟಲಿ, ಮೇಲೆ ಸ್ವಲ್ಪ ಉಳಿಯುತ್ತದೆ. ಅತ್ತೆಯವರ ಲೆಕ್ಕದಲ್ಲಿ ಇನ್ನೆರಡು ಬರುತ್ತವೆ, ಅವರು ಒಪ್ಪಿದರೆ. ಕ್ಯಾಬಿನ್ ಬ್ಯಾಗಿಗೆ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸ್‌ನಲ್ಲಿ ಸ್ವೆಟರ್ ಸುತ್ತಿ ಇಡಿ. ರೊಬಿಯೊಲಾ ಮಾತ್ರ ಅಲ್ಲೇ ತಿಂದು ಮುಗಿಸಿ.