ಮೇ ಕೊನೆಯಲ್ಲಿ ಕೊಂಡಜ್ಜಿ, ಸೂಳೆಕೆರೆ, ವಾಣಿವಿಲಾಸ: ಹಕ್ಕಿ ಎಲ್ಲಿ, ಚಿಟ್ಟೆ ಎಷ್ಟೊತ್ತಿಗೆ?

ಬಾತಿಗುಡ್ಡ:
ಮೇ ಕೊನೆಯ ವಾರ ದಾವಣಗೆರೆಯಲ್ಲಿದ್ದುಕೊಂಡು ಎರಡು ದಿನ ಹಕ್ಕಿ, ಚಿಟ್ಟೆ ನೋಡೋ ಯೋಚನೆ ಇದೆ. ಪಟ್ಟೆತಲೆ ಹೆಬ್ಬಾತು, ಉತ್ತರದ ಬಾತುಗಳು ಆಗಲೇ ಹೋಗಿರುತ್ತವೆ, ಅದು ಗೊತ್ತು. ಕೊಂಡಜ್ಜಿ ಕೆರೆ, ಸೂಳೆಕೆರೆ, ವಾಣಿವಿಲಾಸ ಜಲಾಶಯ, ಮೂರರಲ್ಲಿ ಯಾವುದು ಬಿಡಬಹುದು? ಈ ಹೊತ್ತಿಗೆ ನೀಲಿ ಪಟ್ಟೆಯ ಚಿಟ್ಟೆಗಳು ಗುಂಪುಗುಂಪಾಗಿ ರಸ್ತೆ ದಾಟಿ ಹೋಗುತ್ತವಲ್ಲ, ಅದನ್ನ ಎಣಿಸೋದು ಹೇಗೆ? 8×42 ಬೈನಾಕ್ಯುಲರ್, 300 ಎಂಎಂ ಲೆನ್ಸ್ ಇದೆ.

ಕೋಡಿಕಲ್ಲು:
ಹೊರಡೋ ಮುಂಚೆ ನೀರಿನ ಮಟ್ಟ ಎಷ್ಟಿದೆ ಕೇಳಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ನೀರು ಹಿಂದೆ ಸರಿದು ಕೆಸರಿನ ಅಂಚು ಬಿಟ್ಟಿದ್ದರೆ ಮಾತ್ರ ಮೆಟ್ಟುಗಾಲು ಹಕ್ಕಿ, ಚಮಚಕೊಕ್ಕು, ಬಣ್ಣದ ಕೊಕ್ಕರೆ ದಡದಲ್ಲಿ ಸಿಗೋದು. ವಾಣಿವಿಲಾಸದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ತುಂಬಿರೋ ವರ್ಷ ಅಲ್ಲಿ ಕೆಸರಿನ ಅಂಚೇ ಇರೋದಿಲ್ಲ, ಹಕ್ಕಿ ದೂರದಲ್ಲಿ ಚುಕ್ಕಿಯಾಗಿ ಕಾಣುತ್ತೆ, 8×42 ಸಾಲೋದಿಲ್ಲ, ಸ್ಟ್ಯಾಂಡ್ ಮೇಲೆ ಇಡೋ ಸ್ಪಾಟಿಂಗ್ ಸ್ಕೋಪ್ ಬೇಕು. ಹಾಗಾಗಿ ನಾನಾದರೆ ಅದನ್ನೇ ಬಿಡ್ತೀನಿ.

ಸೂಳೆಕೆರೆಗೆ ಒಂದು ಬೆಳಿಗ್ಗೆ ಪೂರ್ತಿ ಇಡಿ. ಆರು ಗಂಟೆಗೆ ದಂಡೆಯಲ್ಲಿರಬೇಕು, ಅದೂ ಪೂರ್ವದ ಕಡೆ, ಸೂರ್ಯ ಬೆನ್ನಿಗೆ ಬರೋ ಹಾಗೆ. ಒಂಬತ್ತಾದ ಮೇಲೆ ನೆಲದಿಂದ ಝಳ ಏಳುತ್ತೆ. ಆಗ ಎಷ್ಟೇ ಒಳ್ಳೆ ಲೆನ್ಸ್ ಇರಲಿ, ದೂರದ ಫೋಟೋ ಕಲಸಿಕೊಂಡಂತೆ ಬರುತ್ತೆ. ಫೋಕಸ್ ತಪ್ಪಿದೆ ಅಂತ ಸೆಟ್ಟಿಂಗ್ ತಿರುವುತ್ತಾ ಕೂರಬೇಡಿ, ಹತ್ತಿರ ಇರೋದನ್ನ ನೋಡಿ.

ಬರುವಾಗ ಭದ್ರಾ ನಾಲೆಯ ಗದ್ದೆಗಳ ಕಡೆಯಿಂದ ಬನ್ನಿ. ಬೇಸಿಗೆ ಭತ್ತ ಕೊಯ್ದು ಇನ್ನೂ ತೇವ ಇರೋ ಗದ್ದೆಗಳಲ್ಲಿ ಬಿಳಿ ಕೆಂಬರಲು, ಬಾಯ್ಕಳಕ, ಬೆಳ್ಳಕ್ಕಿ ಒಟ್ಟಿಗೇ ಮೇಯುತ್ತವೆ.

ಟಿಟ್ಟಿಭ:
ಕೋಡಿಕಲ್ಲು ಹೇಳಿದ್ದು ಸರಿ, ಆದರೆ ಆ ಒಣಗಿದ ಅಂಚಲ್ಲೇ ಈಗ ಮೊಟ್ಟೆ ಇರುತ್ತೆ, ಅದನ್ನೂ ಹೇಳಬೇಕಿತ್ತು. ಟಿಟ್ಟಿಭ ಹಕ್ಕಿ ಗೂಡು ಕಟ್ಟೋದಿಲ್ಲ. ಬರೀ ನೆಲದ ಸಣ್ಣ ಗುಳಿಯಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಗಡೆ, ಬಣ್ಣ ಪಕ್ಕದ ಮಣ್ಣುಹೆಂಟೆಯದೇ. ಸೆಕೆ ಜೋರಾದಾಗ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತೆ. ನೀವು ಹತ್ತಿರ ನಿಂತಷ್ಟು ಹೊತ್ತೂ ಅದು ಬರೋದಿಲ್ಲ, ಆ ಬಿಸಿಲಲ್ಲಿ ಸ್ವಲ್ಪ ಹೊತ್ತಿಗೇ ಮೊಟ್ಟೆ ಕೆಡುತ್ತೆ. ನೀವು ಎದ್ದು ಹೋದ ಜಾಗಕ್ಕೆ ಕಾಗೆ, ನಾಯಿ ಬರ್ತಾವೆ. ತಲೆ ಮೇಲೆ ಕೂಗ್ತಾ ಸುತ್ತಿದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿಯಿರಿ, ಫೋಟೋ ಬೇಡವೇ ಬೇಡ. ಮರಳುದಿಬ್ಬದ ಮೇಲೆ ರೀವ (ಟರ್ನ್ ಹಕ್ಕಿ) ಕೂತಿದ್ದರೂ ಇದೇ ಮಾತು.

ಎಕ್ಕದಗಿಡ:
ಚಿಟ್ಟೆ ವಿಷಯ. ನೀವು ಹೇಳಿದ್ದು ಬ್ಲೂ ಟೈಗರ್, ಜೊತೆಗೆ ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಕೂಡ ಇರುತ್ತವೆ. ಪಟ್ಟೆ ಅಗಲ, ಬಣ್ಣ ತಿಳಿ ಇದ್ದರೆ ಬ್ಲೂ ಟೈಗರ್. ಪಟ್ಟೆ ಕಿರಿದಾಗಿ ರೆಕ್ಕೆ ಕಪ್ಪಾಗಿ ಕಂಡರೆ ಡಾರ್ಕ್. ಮುಂಗಾರಿಗೆ ಮುಂಚೆ ಇವು ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಹೊರಡುತ್ತವೆ, ಅಕ್ಟೋಬರ್-ನವೆಂಬರಲ್ಲಿ ವಾಪಸ್.

ಎಣಿಸೋಕೆ ರಸ್ತೆ ಬದಿ ಎರಡು ಗುರುತು ಹಿಡಿದುಕೊಳ್ಳಿ, ನಡುವೆ ಸುಮಾರು 10 ಮೀಟರ್ ಇರಲಿ. ಐದು ನಿಮಿಷ ಆ ಗೆರೆ ದಾಟಿದ್ದನ್ನಷ್ಟೇ ಎಣಿಸಿ, ದಿಕ್ಕು ಬರೆದುಕೊಳ್ಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎದುರು ದಿಕ್ಕಿನವನ್ನ ಬೇರೆ ಕಾಲಂನಲ್ಲಿ ಹಾಕಿ. ಅಲ್ಲೇ ಹೂವಿನ ಸುತ್ತ ಹಾರಾಡೋವನ್ನ ಸೇರಿಸಿದರೆ ಲೆಕ್ಕ ಸುಳ್ಳಾಗುತ್ತೆ, ಎಲ್ಲರೂ ತಪ್ಪೋದು ಇಲ್ಲೇ.

ಹತ್ತಿರದಿಂದ ನೋಡಬೇಕಾ, ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕಿರೋ ಹೊಲದ ಬದುವಿನಲ್ಲಿ ಬಾಡಿದ ಗಿಡ ಹುಡುಕಿ. ಗಂಡು ಬ್ಲೂ ಟೈಗರ್‌ಗಳು ಬಾಡಿದ ಎಲೆಯನ್ನ ಕಾಲಲ್ಲಿ ಕೆರೆದು, ಜಿನುಗಿದ ರಸಕ್ಕೆ ಸೊಂಡಿಲು ಹಚ್ಚುತ್ತವೆ. ಅದರಲ್ಲಿರೋ ಕಹಿ ಆಲ್ಕಲಾಯ್ಡ್‌ನಿಂದಲೇ ಹೆಣ್ಣನ್ನ ಸೆಳೆಯೋ ವಾಸನೆ ತಯಾರಾಗೋದು. ಆ ಹೊತ್ತಲ್ಲಿ ಮೊಬೈಲ್ ಒಂದಡಿ ಹತ್ತಿರ ಹಿಡಿದರೂ ಏಳೋದಿಲ್ಲ, ನೆರಳು ಮಾತ್ರ ಬೀಳಿಸಬೇಡಿ.

ಬಾತಿಗುಡ್ಡ:
ಎಲ್ಲರಿಗೂ ಧನ್ಯವಾದ. ವಾಣಿವಿಲಾಸ ಬಿಟ್ಟೆ. ಎರಡನೇ ದಿನ ಕೊಂಡಜ್ಜಿ ಬದಲು ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಆಗಬಹುದಾ?

ಎಕ್ಕದಗಿಡ:
ಕೊಂಡಜ್ಜಿಗೇ ಹೋಗಿ. ಜೋಗಿಮಟ್ಟಿಯಲ್ಲಿ ಈ ತಿಂಗಳು ಗಾಳಿ ವಿಪರೀತ, ಗುಡ್ಡದ ಮರೆ ಬದಿಯ ಕಣಿವೆ ಬಿಟ್ಟರೆ ಚಿಟ್ಟೆ ಕೂರೋದಿಲ್ಲ, ಮೇಲಾಗಿ ಅದು ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಮೊದಲೇ ತಗೋಬೇಕು. ಕೊಂಡಜ್ಜಿಯಲ್ಲಿ ಕೆರೆ, ಕುರುಚಲು ಕಾಡು ಎರಡೂ ಒಂದೇ ಕಡೆ. ಎಂಟೂವರೆವರೆಗೆ ಹಕ್ಕಿ, ಆಮೇಲೆ ಹನ್ನೊಂದರವರೆಗೆ ಚಿಟ್ಟೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ಕಾಲುದಾರಿಯ ಒದ್ದೆ ಮಣ್ಣನ್ನ ಮೊದಲು ನೋಡಿ, ಉಪ್ಪು ಹೀರೋಕೆ ಎಮಿಗ್ರಂಟ್‌ಗಳು, ನಿಂಬೆ ಚಿಟ್ಟೆಗಳು ಸೇರಿರುತ್ತವೆ. ಪೀಕಾಕ್ ಪ್ಯಾನ್ಸಿ ಚಿಟ್ಟೆ ಸಿಕ್ಕರೆ ರೆಕ್ಕೆಯ ಅಡಿಭಾಗದ ಫೋಟೋ ತೆಗೆದುಕೊಳ್ಳಿ: ಬೇಸಿಗೆಯದು ತರಗೆಲೆ ಥರ, ಮಳೆಗಾಲದ್ದಕ್ಕೆ ಕಣ್ಣುಚುಕ್ಕಿ.

ಟಿಟ್ಟಿಭ:
ಅಲ್ಲಿ ಹರಟೆಮಲ್ಲಗಳ ಗುಂಪು ಕಂಡರೆ ಸ್ವಲ್ಪ ಹೊತ್ತು ನಿಲ್ಲಿ. ಚಾತಕ ಮೊಟ್ಟೆ ಇಡೋದು ಅವುಗಳ ಗೂಡಲ್ಲೇ, ಆಸುಪಾಸಿನ ಮರದ ತುದಿಯಲ್ಲಿ ಕೂತಿರುತ್ತೆ. ಕೆರೆಯ ಕೆಸರು ಮೇಲೆ ಬಿರುಕು ಬಿಟ್ಟು ಗಟ್ಟಿ ಕಂಡರೂ ಒಳಗೆ ಮೊಣಕಾಲುದ್ದ ಹೂತುಕೊಳ್ಳುತ್ತೆ. ದನ ನಡೆದ ಜಾಡು ಬಿಟ್ಟು ಇಳಿಯಬೇಡಿ.