‘ನೀಟ್ ಪಾಸ್ ಆದರೆ ಸಾಕು!’: ನಮ್ಮ ಮನೆ ಗುಂಪಿನ ಭಾನುವಾರದ ಜಗಳ

2025ರ ಜೂನ್ 14, ಶನಿವಾರ ನೀಟ್ ಫಲಿತಾಂಶ ಬಂತು. ಸಾಗರದ ಚಿಕ್ಕಪ್ಪನ ಮಗಳು ಪುಟ್ಟಿಗೆ 720ಕ್ಕೆ 452. ಮರುದಿನ ಬೆಳಿಗ್ಗೆ ದೊಡ್ಡಪ್ಪ ನಮ್ಮ ‘ತೋಟದ ಮನೆ’ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಹಾಕಿದರು. ಬಿಳಿ ಕೋಟು ಹಾಕಿಕೊಂಡು ನಗುವ ಹುಡುಗಿ, ಹಿಂದೆ ಹಿಮ ಬಿದ್ದ ಕಟ್ಟಡ. ‘ನೀಟ್ ಪಾಸ್ ಆದರೆ ಸಾಕು! ವಿದೇಶದಲ್ಲಿ ಎಂಬಿಬಿಎಸ್. ಡೊನೇಶನ್ ಇಲ್ಲ. ಭಾರತೀಯ ಊಟ. ಒಟ್ಟು 25 ಲಕ್ಷ ಮಾತ್ರ.’ ಕೆಳಗೆ ಏಜೆಂಟ್ ನಂಬರು.

ಅಡಿಕೆ ಧಾರಣೆ ಬಿಟ್ಟರೆ ಬೇರೆ ಯಾವುದಕ್ಕೂ ಈ ಗುಂಪು ಇಷ್ಟು ಕಾವೇರಿದ್ದನ್ನು ನಾನು ಕಂಡಿಲ್ಲ. ಕೈಮುಗಿದ ಇಮೋಜಿಗಳನ್ನು ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ.

ದೊಡ್ಡಪ್ಪ: ತಮ್ಮ, ಇದನ್ನು ನೋಡು. 144 ಬಂದರೆ ಪಾಸಂತೆ. ಪುಟ್ಟಿಗೆ ಅದರ ಮೂರು ಪಟ್ಟು ಬಂದಿದೆ. ಮತ್ತೆ ಯಾಕೆ ಮನೆಯಲ್ಲಿ ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದೀರಿ?

ತುಮಕೂರು ಅತ್ತೆ: ಅಣ್ಣ, ಪಾಸ್ ಆದವರು ಎಷ್ಟು ಜನ ಗೊತ್ತಾ? 12 ಲಕ್ಷ 36 ಸಾವಿರ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಇರುವುದು 1 ಲಕ್ಷ 18 ಸಾವಿರದ ಆಸುಪಾಸು.

ದೊಡ್ಡಪ್ಪ: ಹತ್ತರಲ್ಲಿ ಒಬ್ಬರಿಗೆ ಸಿಕ್ಕ ಹಾಗಾಯಿತಲ್ಲ. ನಾವು ಬ್ಯಾಂಕ್ ಪರೀಕ್ಷೆ ಬರೆದಾಗ ಅದಕ್ಕಿಂತ ಕಷ್ಟ ಇತ್ತು. ಈಗಿನ ಮಕ್ಕಳಿಗೆ ಮೊಬೈಲ್ ಜಾಸ್ತಿ. ನನ್ನ ಮಗಳು 1997ರಲ್ಲಿ ಯಾವ ಕೋಚಿಂಗೂ ಇಲ್ಲದೆ ಸೀಟು ತೆಗೆದುಕೊಂಡಳು.

ಡಾಕ್ಟರ್ ಅಕ್ಕ: ಅಪ್ಪ, ದಯವಿಟ್ಟು ನನ್ನನ್ನು ಮಧ್ಯೆ ಎಳೆಯಬೇಡಿ. ನಮ್ಮ ಕಾಲದಲ್ಲಿ ಪಿಯುಸಿ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಿದ್ದರು. ಕಾಲೇಜಿನಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದನ್ನು ನೆಟ್ಟಗೆ ಓದಿದರೆ ಅರ್ಧ ದಾರಿ ಮುಗಿಯುತ್ತಿತ್ತು. ಈಗ ಜನರಲ್‌ನವರಿಗೆ ಪಿಯುಸಿಯಲ್ಲಿ 50 ಪರ್ಸೆಂಟ್ ಬಂದರೂ ಒಂದೇ, 98 ಬಂದರೂ ಒಂದೇ. ಎಲ್ಲ ಆ ಮೇ 4ರ ಮಧ್ಯಾಹ್ನದ ಮೂರು ಗಂಟೆಯಲ್ಲೇ ತೀರ್ಮಾನ. 180 ಪ್ರಶ್ನೆ, ಒಂದಕ್ಕೆ ಒಂದೇ ನಿಮಿಷ, ತಪ್ಪಾದರೆ ಮೈನಸ್.

ಡಾಕ್ಟರ್ ಅಕ್ಕ: ಈ ಸಲದ ಫಿಸಿಕ್ಸ್ ಪೇಪರ್ ಡೌನ್‌ಲೋಡ್ ಮಾಡಿಕೊಂಡು ನಾನೇ ಕೂತು ನೋಡಿದೆ. 45ರಲ್ಲಿ ಹತ್ತು ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ದೇಶಕ್ಕೇ ಫಸ್ಟ್ ಬಂದವನಿಗೆ 686. ಹೋದ ವರ್ಷ ಮೊದಲು ಬಿಟ್ಟ ರಿಸಲ್ಟ್‌ನಲ್ಲಿ 67 ಜನಕ್ಕೆ 720ಕ್ಕೆ 720 ಬಂದಿತ್ತು. ಒಂದು ವರ್ಷ ಹಾಗೆ, ಒಂದು ವರ್ಷ ಹೀಗೆ.

ದೊಡ್ಡಪ್ಪ: ಪೇಪರ್ ಎಲ್ಲರಿಗೂ ಒಂದೇ ಅಲ್ವಾ?

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕೊಡುವುದಕ್ಕೂ ಏನಿಲ್ಲ, ಆ ಮಟ್ಟಿಗೆ ದೊಡ್ಡಪ್ಪ ಹೇಳಿದ್ದು ಸರಿಯೇ. ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ.

ಸಾಗರ ಚಿಕ್ಕಪ್ಪ: ಇಲ್ಲೇ ಪ್ರೈವೇಟ್ ಕಾಲೇಜಿನಲ್ಲಿ ಸಿಗುತ್ತದಂತಲ್ಲ. ಕೆಳಗಿನ ತೋಟ ಕೊಟ್ಟರೆ ಆಗುತ್ತದಾ ಅಂತ ನೋಡುತ್ತಿದ್ದೇನೆ.

ನಾನು: ಚಿಕ್ಕಪ್ಪ, ಸ್ವಲ್ಪ ನಿಲ್ಲಿ. ಲೆಕ್ಕ ಹೇಳುತ್ತೇನೆ. ಸರಕಾರಿ ಕಾಲೇಜಿನಲ್ಲಿ ವರ್ಷದ ಫೀಸು ಲಕ್ಷದೊಳಗೆ ಮುಗಿಯುತ್ತದೆ. ಪ್ರೈವೇಟ್ ಕಾಲೇಜಿನಲ್ಲಿ 40 ಪರ್ಸೆಂಟ್ ಸೀಟು ಸರಕಾರದ ಕೋಟಾ. ಅದು ಜಿ ಸೀಟು, ಒಂದೂವರೆ ಲಕ್ಷದ ಸುತ್ತಮುತ್ತ. ಪುಟ್ಟಿಯ ರ‍್ಯಾಂಕಿಗೆ ಇವೆರಡೂ ಕಷ್ಟ. ಆಮೇಲೆ ಬರುವುದು ಪಿ ಸೀಟು, ಅಂದರೆ ಪ್ರೈವೇಟ್ ಸೀಟು. ಅದೇ ಕಟ್ಟಡ, ಅದೇ ಬೆಂಚು, ಅದೇ ಹೆಣ, ಅದೇ ಮೇಷ್ಟ್ರು. ಆದರೆ ವರ್ಷಕ್ಕೆ ಹತ್ತು ಹನ್ನೆರಡು ಲಕ್ಷ. ನಾಲ್ಕೂವರೆ ವರ್ಷಕ್ಕೆ ಐವತ್ತು ಲಕ್ಷ ದಾಟುತ್ತದೆ. ಹಾಸ್ಟೆಲ್ಲು, ಮೆಸ್ಸು ಬೇರೆ.

ಸಾಗರ ಚಿಕ್ಕಪ್ಪ: ಮ್ಯಾನೇಜ್‌ಮೆಂಟ್?

ನಾನು: ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಸೀಟು ಅಂದರೆ ಪಿ ಸೀಟಿನ ಎರಡು ಮೂರು ಪಟ್ಟು. ತೋಟ ಅಲ್ಲ, ಮನೆ ಸೇರಿಸಿ ಕೊಟ್ಟರೂ ಸಾಲುವುದಿಲ್ಲ.

ತುಮಕೂರು ಮಾವ: ಅಲ್ಲಿಗೆ ವಿಷಯ ಬಂತು ನೋಡಿ. 200 ಮಾರ್ಕ್ಸ್ ಬಂದವನೂ ಪಾಸ್, ಅವನ ಅಪ್ಪನ ಹತ್ತಿರ ಕೋಟಿ ಇದ್ದರೆ ಅವನು ಒಳಗೆ. 452 ಬಂದ ಪುಟ್ಟಿ ಹೊರಗೆ. ಪಾಸಿನ ಗೆರೆಯನ್ನು ಇಷ್ಟು ಕೆಳಗೆ ಇಟ್ಟದ್ದು ಯಾಕೆ ಅಂದುಕೊಂಡಿರಿ? ದುಬಾರಿ ಸೀಟು ಖಾಲಿ ಉಳಿಯಬಾರದಲ್ಲ!

ದೊಡ್ಡಪ್ಪ: ಭಾವ, ನಿಮ್ಮದು ಯಾವಾಗಲೂ ಕೋರ್ಟಿನ ವಾದ. ಡೊನೇಶನ್ ನಿಲ್ಲಲಿ ಅಂತ ತಾನೆ ನೀಟ್ ತಂದದ್ದು?

ತುಮಕೂರು ಮಾವ: ಒಪ್ಪುತ್ತೇನೆ. ಮೊದಲು ಒಂದೊಂದು ಕಾಲೇಜಿನವರು ಒಂದೊಂದು ಪರೀಕ್ಷೆ ಮಾಡುತ್ತಿದ್ದರು, ಕತ್ತಲಲ್ಲಿ ವ್ಯವಹಾರ ನಡೆಯುತ್ತಿತ್ತು. 2016ರ ನಂತರ ನೀಟ್ ಬರೆಯದೆ ಪ್ರೈವೇಟ್ ಕಾಲೇಜಿನಲ್ಲಿ ಯಾರಿಗೂ ಸೀಟಿಲ್ಲ. ಅಷ್ಟು ಒಳ್ಳೆಯದಾಯಿತು. ಆದರೆ ಮೇಜಿನ ಕೆಳಗೆ ಕೊಡುತ್ತಿದ್ದದ್ದು ಮೇಜಿನ ಮೇಲೆ ಬಂತು, ರಸೀದಿ ಸಮೇತ.

ತುಮಕೂರು ಮಾವ: ನಮ್ಮ ಊರಿನದೇ ಕೇಸ್ ಇದೆ, ಮೋಹಿನಿ ಜೈನ್ ಕೇಸ್. ಮೀರತ್ ಹುಡುಗಿ. ತುಮಕೂರಿನ ಒಂದು ಕಾಲೇಜಿಗೆ ಬಂದಳು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000. ಕಟ್ಟಲು ಆಗಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದಳು. 1992ರಲ್ಲಿ ಕ್ಯಾಪಿಟೇಶನ್ ಫೀ, ಅಂದರೆ ಈ ಡೊನೇಶನ್, ತಪ್ಪು ಅಂತ ತೀರ್ಪು ಬಂತು. ಮರುವರ್ಷ ದೊಡ್ಡ ಪೀಠ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಅಂದಿತು. 2002ರಲ್ಲಿ ಇನ್ನೂ ದೊಡ್ಡ ಪೀಠ ಅದನ್ನೂ ತೆಗೆಯಿತು. ನಾನು ಕರಿಕೋಟು ಹಾಕಿದಾಗಿನಿಂದ ಇದೇ ಕಥೆ.

ದೊಡ್ಡಪ್ಪ: ಸರಿ, ಇಲ್ಲಿ ಐವತ್ತು ಲಕ್ಷ. ಅಲ್ಲಿ 25. ಅದಕ್ಕೇ ಪೋಸ್ಟರ್ ಹಾಕಿದ್ದು! ನಾನು ಹೇಳಿದ್ದೂ ಅದೇ.

ಲೆಕ್ಕದಲ್ಲಿ ದೊಡ್ಡಪ್ಪನನ್ನು ಸೋಲಿಸುವುದು ಸುಲಭ ಅಲ್ಲ. ಬ್ಯಾಂಕಿನಿಂದ ರಿಟೈರ್ ಆದವರು. ನಮ್ಮ ಲೆಕ್ಕವನ್ನೇ ತಿರುಗಿಸಿ ನಮಗೇ ಕೊಟ್ಟರು.

ಡಾಕ್ಟರ್ ಅಕ್ಕ: ಅಪ್ಪ, ಪೋಸ್ಟರ್‌ನಲ್ಲಿ ಇಲ್ಲದ್ದನ್ನು ಕೇಳಿ. ಕೋರ್ಸ್ ಕಡಿಮೆ ಅಂದರೂ 54 ತಿಂಗಳು ಇರಬೇಕು, ಪಾಠ ಇಂಗ್ಲಿಷಿನಲ್ಲೇ ಆಗಬೇಕು, ಅದೇ ಕಾಲೇಜಿನಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡಿರಬೇಕು. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ರಿಜಿಸ್ಟ್ರೇಷನ್ ಇಲ್ಲ. ಎಲ್ಲ ಸರಿಯಿದ್ದರೂ ವಾಪಸ್ ಬಂದು, ಹೊರಗೆ ಓದಿದವರಿಗೆ ಅಂತಲೇ ಇರುವ ಪರೀಕ್ಷೆ, ಎಫ್‌ಎಂಜಿಇ ಬರೆಯಬೇಕು. 300ಕ್ಕೆ 150 ಬೇಕು. ಈಚೆಗೆ ಪಾಸಾಗುತ್ತಿರುವವರು ನೂರಕ್ಕೆ ಇಪ್ಪತ್ತು ಮೂವತ್ತರ ಆಸುಪಾಸು. ಆಮೇಲೆ ಇಲ್ಲಿ ಮತ್ತೆ ಇಂಟರ್ನ್‌ಶಿಪ್. ನಮ್ಮ ಆಸ್ಪತ್ರೆಯಲ್ಲೇ ಒಬ್ಬ ಹುಡುಗ ಇದ್ದಾನೆ, ಹೊರಗೆ ಓದಿ ಬಂದವನು. ಕೆಲಸ ಚೆನ್ನಾಗಿ ಗೊತ್ತು. ಆ ಪರೀಕ್ಷೆ ಆಗಿಲ್ಲ. ಡಾಕ್ಟರ್ ಅಂತ ಬೋರ್ಡ್ ಹಾಕುವ ಹಾಗಿಲ್ಲ, ಫೈಲ್ ಹಿಡಿದುಕೊಂಡು ನನ್ನ ಹಿಂದೆ ರೌಂಡ್ಸ್ ಬರುತ್ತಾನೆ.

ಚಿಕ್ಕಮ್ಮ: ಆ ಹಾವೇರಿ ಹುಡುಗನ ನೆನಪಾದರೆ ನನಗೆ ಊಟ ಸೇರುವುದಿಲ್ಲ. ನಾನು ಕಳಿಸುವುದಿಲ್ಲ.

ಎರಡು ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ. ಚಿಕ್ಕಮ್ಮ ಹೇಳಿದ್ದು 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕ ನಮ್ಮ ಕರ್ನಾಟಕದ ಮೆಡಿಕಲ್ ವಿದ್ಯಾರ್ಥಿಯ ಬಗ್ಗೆ. ಪಿಯುಸಿಯಲ್ಲಿ 97 ಪರ್ಸೆಂಟ್ ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವನ ತಂದೆ ಆಗ ಟಿವಿಯವರ ಮುಂದೆ ಹೇಳಿದ್ದರು. ಶವ ಊರಿಗೆ ಬಂದ ಮೇಲೆ ಮನೆಯವರು ಅದನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು.

ದೊಡ್ಡಪ್ಪ: ಯುದ್ಧ ಎಲ್ಲ ಕಡೆ ಆಗುವುದಿಲ್ಲ. ಆದರೂ ಬೇಡ ಅಂದರೆ ಬೇಡ ಬಿಡು.

ದೊಡ್ಡಪ್ಪ: ರೂರಲ್ ಕೋಟಾ ಇದೆಯಲ್ಲ? 15 ಪರ್ಸೆಂಟ್. ಇವಳು ಹಳ್ಳಿಯವಳೇ ತಾನೆ? ಅದನ್ನು ಹಾಕಿಲ್ವಾ?

ಸಾಗರ ಚಿಕ್ಕಪ್ಪ: ಹಾಕಲು ಬರುವುದಿಲ್ಲ ಅಣ್ಣ.

ದೊಡ್ಡಪ್ಪ: ಯಾಕೆ ಬರುವುದಿಲ್ಲ?

ಸಾಗರ ಚಿಕ್ಕಪ್ಪ: ಒಂದರಿಂದ ಹತ್ತರವರೆಗೂ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಒಂದು ವರ್ಷ ತಪ್ಪಿದರೂ ಇಲ್ಲ. ಏಳರವರೆಗೆ ಇಲ್ಲೇ ನಮ್ಮೂರ ಶಾಲೆ. ಹೆಡ್‌ಮಾಸ್ಟರ್ ಸರ್ಟಿಫಿಕೇಟ್ ಬರೆದುಕೊಟ್ಟರು, ಸೀಲು ಹಾಕಿದರು. ಬಿಇಒ ಸಹಿಗೆ ಅಂತ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ನೋಡಿ, ಉಳಿದ ಮೂರು ವರ್ಷ ಎಲ್ಲಿ ಅಂದರು. ಶಿವಮೊಗ್ಗ ಅಂದೆ. ಕಾಗದ ವಾಪಸ್ ಕೊಟ್ಟರು.

ಕನ್ನಡ ಮೀಡಿಯಂ ಕೋಟಾ 5 ಪರ್ಸೆಂಟ್ ಇದೆ. ಅದಕ್ಕೂ ಹತ್ತು ವರ್ಷ ಕನ್ನಡದಲ್ಲೇ ಓದಿರಬೇಕು. ಪುಟ್ಟಿ ಎಂಟರಿಂದ ಇಂಗ್ಲಿಷ್ ಮೀಡಿಯಂ.

ತುಮಕೂರು ಅತ್ತೆ: ಎಂಟನೇ ಕ್ಲಾಸಿಗೆ ಶಿವಮೊಗ್ಗಕ್ಕೆ ಕಳಿಸು ಅಂದದ್ದು ಯಾರು ಅಂತ ಎಲ್ಲರಿಗೂ ನೆನಪಿದೆ ಅಂದುಕೊಳ್ಳುತ್ತೇನೆ. ‘ಹಳ್ಳಿ ಶಾಲೆಯಲ್ಲಿ ಓದಿದರೆ ಡಾಕ್ಟರ್ ಆದ ಹಾಗೇ’ ಅಂತ.

ದೊಡ್ಡಪ್ಪ: ನಾನು ಅವಳ ಒಳ್ಳೆಯದಕ್ಕೆ ಹೇಳಿದ್ದು.

ತುಮಕೂರು ಅತ್ತೆ: ಇಲ್ಲ ಅಂತ ಯಾರು ಹೇಳಿದರು?

ಅತ್ತೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಬೈಯದೆ ಬೈಯುವುದು ಅವರಿಂದ ಕಲಿಯಬೇಕು. ಅನ್ಯಾಯ ಆಗಬಾರದು ಅಂತ ನಾನೂ ಒಂದು ಮಾತು ಹಾಕಿದೆ: ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು, ಮಕ್ಕಳನ್ನು ಪೇಟೆಗೆ ಕಳಿಸಿದವರಿಗೆ ಯಾರೂ ಈ ನಿಯಮ ಹೇಳಿರಲಿಲ್ಲ. ಆ ಮೆಸೇಜಿಗೆ ದೊಡ್ಡಪ್ಪ ಒಬ್ಬರೇ ಹೆಬ್ಬೆರಳು ಒತ್ತಿದರು.

ಸಂಜೆ ಮಾತು ಆಯುರ್ವೇದದ ಕಡೆ ಹೊರಳಿತು. ನೀಟ್ ರ‍್ಯಾಂಕಿನಲ್ಲೇ ಬಿಎಎಂಎಸ್ ಸಿಗುತ್ತದೆ, ಸಾಗರದಲ್ಲಿ ಕ್ಲಿನಿಕ್ ಇಟ್ಟರೆ ಜನ ಬರುತ್ತಾರೆ ಅಂತ ಅತ್ತೆ. ಲಾಂಗ್ ಟರ್ಮ್ ಕೋಚಿಂಗ್ ಸೇರಿ ಇನ್ನೊಂದು ವರ್ಷ ಓದಲಿ ಅಂತ ಡಾಕ್ಟರ್ ಅಕ್ಕ. ಲಾಂಗ್ ಟರ್ಮ್ ಅಂದರೆ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಹಾಸ್ಟೆಲ್ಲಿನಲ್ಲಿ ಕೂಡಿ ಹಾಕುವುದು, ಮಗು ಬಡವಾಗುತ್ತದೆ ಅಂತ ಚಿಕ್ಕಮ್ಮ. ತಮಿಳುನಾಡಿನಲ್ಲಿ ಸರಕಾರಿ ಶಾಲೆ ಮಕ್ಕಳಿಗೆ 2020ರಿಂದ 7.5 ಪರ್ಸೆಂಟ್ ಬೇರೆಯಾಗಿ ಕೊಟ್ಟಿದ್ದಾರೆ, ನಮ್ಮ ವಿಧಾನಸಭೆ 2024ರ ಜುಲೈನಲ್ಲಿ ನೀಟ್ ಬೇಡ ಅಂತ ನಿರ್ಣಯ ಮಾಡಿ ಸುಮ್ಮನಾಯಿತು ಅಂತ ಮಾವ. ಅದು ಯಾರಿಗೂ ಬೇಕಿರಲಿಲ್ಲ.

ಏಳೂವರೆಗೆ ಪುಟ್ಟಿ ಬರೆದಳು. ಇಡೀ ದಿನ ಎಲ್ಲವನ್ನೂ ಓದುತ್ತಿದ್ದಳು. ನೀಲಿ ಗೆರೆಗಳು ಕಾಣುತ್ತಿದ್ದವು, ಆದರೂ ಯಾರೂ ಅವಳನ್ನು ಕೇಳಿರಲಿಲ್ಲ.

ಪುಟ್ಟಿ: ಎಲ್ಲರಿಗೂ ನಮಸ್ಕಾರ. ಅಪ್ಪ, ತೋಟ ಕೊಡಬೇಡ. ಐವತ್ತು ಲಕ್ಷ ಕೊಟ್ಟು ಓದಿದರೆ ಆಮೇಲೆ ಎಂಡಿಗೆ ಮತ್ತೆ ನೀಟ್ ಬರೆಯಬೇಕು, ಮತ್ತೆ ಇದೇ ಲೆಕ್ಕ. ಸೀಟು ಹಂಚುವ ಕೆಇಎ ಕೌನ್ಸೆಲಿಂಗ್‌ನಲ್ಲಿ ಸರಕಾರಿ ಮತ್ತು ಜಿ ಸೀಟು ಎಲ್ಲವನ್ನೂ ಹಾಕುತ್ತೇನೆ. ಬೀದರ್ ಆದರೂ ಸರಿ, ಚಾಮರಾಜನಗರ ಆದರೂ ಸರಿ. ಪಿ ಸೀಟು ಒಂದೂ ಹಾಕುವುದಿಲ್ಲ. ಕೊನೇ ರೌಂಡ್‌ವರೆಗೂ ಬರದಿದ್ದರೆ ಲಾಂಗ್ ಟರ್ಮ್ ಒಂದೇ ವರ್ಷ. ಬಯಾಲಜಿ ಚೆನ್ನಾಗಿ ಬಂದಿದೆ, ಫಿಸಿಕ್ಸ್‌ನಲ್ಲಿ ಹೋಯಿತು. ಅಕ್ಕ, ನಿಮ್ಮ ಹಳೇ ಫಿಸಿಕ್ಸ್ ಪುಸ್ತಕ ಇದ್ದರೆ ಕೊಡುತ್ತೀರಾ?

ಡಾಕ್ಟರ್ ಅಕ್ಕ: ಅದು ಅಟ್ಟದ ಮೇಲಿದೆ, ಅಪ್ಪನೇ ಇಳಿಸಬೇಕು.

ಚಿಕ್ಕಮ್ಮ: ಹಾಸ್ಟೆಲ್ ಊಟ ನೋಡಿಕೊಂಡು ಬಂದ ಮೇಲೇ ಸೇರಿಸುವುದು.

ದೊಡ್ಡಪ್ಪ: ಲಾಂಗ್ ಟರ್ಮ್ ಫೀಸು ನಾನು ಕೊಡುತ್ತೇನೆ. ಯಾರೂ ಮಾತಾಡಬೇಡಿ. ಆದರೆ ಒಂದು ತೊಂದರೆ ಆಗಿದೆ. ಬೆಳಿಗ್ಗೆ ಆ ಏಜೆಂಟ್‌ಗೆ ಫೋನ್ ಮಾಡಿ ವಿಚಾರಿಸಿದ್ದೆ. ಆಗಿನಿಂದ ಆರು ಸಲ ಅವನೇ ಮಾಡಿದ. ನಾಳೆ ಮನೆಗೆ ಬರುತ್ತಾನಂತೆ.

ತುಮಕೂರು ಅತ್ತೆ: ಬರಲಿ ಬಿಡಿ ಅಣ್ಣ. ಓದುವವನು ನಾನೇ ಅಂತ ಹೇಳಿ.